ಕುರುಚಲು ಕಾಡಿನ ಕಿಚ್ಚೂ ಗಣಕಯಂತ್ರವೂ: ಕ್ಯಾಲಿಫೋರ್ನಿಯದ ಅನುಭವ

ಕಾಳ್ಗಿಚ್ಚು ಯಾವ ದಿಕ್ಕಿಗೆ, ಎಷ್ಟು ವೇಗದಿಂದ ಹರಡೀತೆಂಬುದನ್ನು ಮುಂಚಿತವಾಗಿ ತಿಳಿಯಬೇಕೆಂಬ ಹಂಬಲ ಹೊಸದೇನೂ ಅಲ್ಲ. ಆದರೆ ಆ ಹಂಬಲವು ಸಮೀಕರಣದ ರೂಪವನ್ನು ತಾಳಿ, ಗಣಕಯಂತ್ರವನ್ನು ಹೊಕ್ಕು, ನಕಾಶೆಯ ಮೇಲೆ ಗಂಟೆಗಂಟೆಗೆ ಮುಂದುವರಿಯುವ ಗೆರೆಗಳಾಗಿ ಹೊರಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಇದು ವಿಜ್ಞಾನಿಗಳಿಗೆ ಸೇರಿದ ವಿಷಯವಲ್ಲವೇ, ಇತಿಹಾಸದ ವಿದ್ಯಾರ್ಥಿಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ನಮ್ಮ ಉತ್ತರವಿಷ್ಟೆ: ಮುಂದಾಗುವುದನ್ನು ತೋರಿಸುವ ನಕಾಶೆಯೂ ಒಂದು ದಾಖಲೆಯೇ. ಶಾಸನವನ್ನಾಗಲಿ ಕೈಫಿಯತ್ತನ್ನಾಗಲಿ ಓದುವಾಗ ಅದನ್ನು ಯಾರು, ಎಂದು, ಯಾವ ಪ್ರಯೋಜನಕ್ಕಾಗಿ ಬರೆಯಿಸಿದರೆಂದು ವಿಚಾರಿಸುವಂತೆ ಇದನ್ನೂ ವಿಚಾರಿಸಬೇಕಾಗುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ದಕ್ಷಿಣ ಕ್ಯಾಲಿಫೋರ್ನಿಯದ ಕುರುಚಲು ಕಾಡನ್ನು ನಿದರ್ಶನವಾಗಿಟ್ಟುಕೊಂಡು ಈ ವಿಚಾರಣೆಯನ್ನು ನಡೆಸಲು ಯತ್ನಿಸಿದ್ದೇವೆ.

ಅಲ್ಲಿಯ ಬೆಟ್ಟಗಳನ್ನು ಹೊದೆದಿರುವ ದಟ್ಟವಾದ ಪೊದೆಗಾಡಿಗೆ ಚಪರಾಲ್ ಎಂದು ಹೆಸರು. ಗಟ್ಟಿಯಾದ ಸಣ್ಣ ಎಲೆಗಳುಳ್ಳ, ಆಳೆತ್ತರಕ್ಕೂ ಅದಕ್ಕಿಂತ ಮಿಗಿಲಾಗಿಯೂ ಬೆಳೆಯುವ ನಿತ್ಯಹಸುರಿನ ಪೊದೆಗಳಿವು. ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಗೆ ಪೂರ್ತಿ ಒಣ. ಶರತ್ಕಾಲದ ಹೊತ್ತಿಗೆ ಎಲೆಕಡ್ಡಿಗಳ ತೇವಾಂಶ ತೀರ ಇಳಿದಿರುತ್ತದೆ. ಸಾಂಟಾ ಆನಾ ಎಂಬ ಒಣಗಾಳಿಯು ಒಳನಾಡಿನ ಮರುಭೂಮಿಯ ಕಡೆಯಿಂದ ಸಮುದ್ರದತ್ತ ರಭಸದಿಂದ ಬೀಸುವುದೂ ಆಗಲೇ. ಇವೆರಡೂ ಕೂಡಿದಾಗ ಒಂದು ಕಿಡಿ ಸಾಕು.

ಗಣಿತಕ್ಕಿಂತ ಮೊದಲು ಇಲ್ಲಿಗೆ ಬಂದದ್ದು ಮರಣ. 1933ರ ಅಕ್ಟೋಬರ್ 3ರಂದು ಲಾಸ್ ಏಂಜಲಿಸ್ ನಗರದ ಗ್ರಿಫಿತ್ ಉದ್ಯಾನದಲ್ಲಿ ಪೊದೆಗಳಿಗೆ ಹತ್ತಿದ ಬೆಂಕಿಯನ್ನು ನಂದಿಸಹೋದವರಲ್ಲಿ 29 ಮಂದಿ ಸತ್ತರು. ಅವರು ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೂಲಿಗೆಂದು ಅಲ್ಲಿ ನಿಯುಕ್ತರಾಗಿದ್ದ ನಿರುದ್ಯೋಗಿಗಳು. 1953ರ ಜುಲೈ 9ರಂದು ರಾಜ್ಯದ ಉತ್ತರ ಭಾಗದ ಮೆಂಡಸೀನೊ ಅರಣ್ಯದ ಚಪರಾಲಿನಲ್ಲಿ 15 ಮಂದಿ, 1956ರ ನವೆಂಬರಿನಲ್ಲಿ ಸ್ಯಾನ್ ಡಿಯಾಗೊ ಸೀಮೆಯ ಇನಾಹಾ ಕಿಚ್ಚಿನಲ್ಲಿ 11 ಮಂದಿ ಅಸುನೀಗಿದರು. ಇನಾಹಾ ದುರಂತದ ಬಳಿಕ ನೇಮಕವಾದ ಕಾರ್ಯಪಡೆಯು 1957ರಲ್ಲಿ ಬೆಂಕಿಯೊಡನೆ ಹೋರಾಡುವವರಿಗೆ ಹತ್ತು ಆಜ್ಞೆಗಳನ್ನು ವಿಧಿಸಿತು. ಹವೆಯನ್ನೂ ಬೆಂಕಿಯ ವರ್ತನೆಯನ್ನೂ ಸದಾ ಅರಿತಿರಬೇಕೆಂಬುದು ಅವುಗಳ ಸಾರದಲ್ಲೊಂದು. ಆಜ್ಞೆ ಬಂದಿತು, ಅದನ್ನು ಪಾಲಿಸಲು ಬೇಕಾದ ಜ್ಞಾನ ಇನ್ನೂ ಅಪೂರ್ಣವಾಗಿತ್ತು.

ಆ ಜ್ಞಾನಕ್ಕೆ ತಳಹದಿ ಹಾಕಿದವರಲ್ಲಿ ವಾಲೇಸ್ ಫಾನ್ಸ್ ಪ್ರಮುಖರು. ಬೆಂಕಿ ಹರಡುವುದೆಂದರೆ ಒಂದರ ಬಳಿಕ ಒಂದು ಕಡ್ಡಿ ಹೊತ್ತಿಕೊಳ್ಳುವ ಸರಣಿಯೇ ಎಂದು ಅವರು 1946ರಲ್ಲಿ ಗಣಿತದ ಮೂಲಕ ವಿವರಿಸಿದರು. 1960ರಲ್ಲಿ ಮೊಂಟಾನಾ ರಾಜ್ಯದ ಮಿಸೂಲದಲ್ಲಿ ಅರಣ್ಯ ಇಲಾಖೆಯ ಅಗ್ನಿ ಪ್ರಯೋಗಶಾಲೆ ಆರಂಭವಾಯಿತು. ವಿಮಾನ ತಂತ್ರಜ್ಞರಾಗಿದ್ದು ಅಲ್ಲಿಗೆ ಬಂದು ಸೇರಿದ ರಿಚರ್ಡ್ ರೊಥರ್ಮೆಲರು 1972ರಲ್ಲಿ ಪ್ರಕಟಿಸಿದ ಸಮೀಕರಣವೇ ಮುಂದಿನ ಬಹುಪಾಲು ಗಣನೆಗಳಿಗೆ ಬೀಜವಾಯಿತು. ಅದರ ತತ್ತ್ವ ಸರಳ. ಉರಿಯುವ ಭಾಗವು ಮುಂದಿನ ಇಂಧನಕ್ಕೆ ಕೊಡುವ ಶಾಖವನ್ನು, ಆ ಇಂಧನ ಹೊತ್ತಿಕೊಳ್ಳಲು ಬೇಕಾದ ಶಾಖದಿಂದ ಭಾಗಿಸಿದರೆ ಬೆಂಕಿಯ ವೇಗ ದೊರೆಯುತ್ತದೆ. ಗಾಳಿಯೂ ಇಳಿಜಾರೂ ಮೊದಲನೆಯದನ್ನು ಹೆಚ್ಚಿಸುತ್ತವೆ, ತೇವಾಂಶವು ಎರಡನೆಯದನ್ನು ಹೆಚ್ಚಿಸುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಪ್ರಯೋಗಶಾಲೆಯಲ್ಲಿ ಸುಟ್ಟದ್ದು ಬಹುಮಟ್ಟಿಗೆ ಮರದ ಎಳೆಗಳನ್ನೂ ಒಂದೇ ಗಾತ್ರದ ಕಡ್ಡಿಗಳನ್ನೂ ಸಮನಾಗಿ ಹರಡಿ ಮಾಡಿದ ಒಣ ಹಾಸನ್ನು. ಬೆಂಕಿ ಒಂದೇ ಹದದಲ್ಲಿ, ನೆಲಕ್ಕಂಟಿದ ಏಕರೂಪದ ಇಂಧನದ ಮೇಲೆ ಸಾಗುತ್ತದೆಂಬುದು ಸಮೀಕರಣದ ಆಧಾರ. ಚಪರಾಲಾದರೋ ನೆಟ್ಟಗೆ ನಿಂತ, ಜೀವವುಳ್ಳ, ನಡುನಡುವೆ ತೆರಪುಳ್ಳ ಕಾಡು. ಜೀವಂತ ಇಂಧನಕ್ಕೂ ಸಮೀಕರಣದಲ್ಲಿ ಸ್ಥಾನವಿತ್ತೆಂಬುದು ನಿಜ. 1973ರಲ್ಲಿ ರೊಥರ್ಮೆಲರೂ ಫಿಲ್ಪಾಟರೂ ಕೂಡಿ ಚಪರಾಲು ವಯಸ್ಸಾದಂತೆ ಅದರ ದಹನಶೀಲತೆ ಬದಲಾಗುವ ಬಗೆಯನ್ನು ಪರಿಶೀಲಿಸಿದರು. ಆದರೂ ವ್ಯವಹಾರದಲ್ಲಿ ಆ ವಿವಿಧ ಬೆಟ್ಟಗಳೆಲ್ಲ ‘ಇಂಧನ ಮಾದರಿ 4’ ಎಂಬ, ಆರು ಅಡಿ ಎತ್ತರದ ಒಂದೇ ಪೊದೆಯಾಗಿ ಪಟ್ಟಿಯಲ್ಲಿ ನಿಂತವು. ಕಂದಾಯದ ಲೆಕ್ಕದಲ್ಲಿ ನಾನಾ ಬಗೆಯ ಹೊಲಗಳು ‘ಖುಷ್ಕಿ’ ಎಂಬ ಒಂದೇ ಮಾತಿನಲ್ಲಿ ಅಡಗುವಂತೆ ಇದೂ ಆಡಳಿತಕ್ಕೆ ಅಗತ್ಯವಾದ ಸರಳೀಕರಣ.

ಆಡಳಿತದ ಒತ್ತಡವೂ ಆಗ ಹೆಚ್ಚಿತ್ತು. 1970ರ ಶರತ್ಕಾಲದಲ್ಲಿ ಹದಿಮೂರು ದಿನಗಳೊಳಗೆ ಕ್ಯಾಲಿಫೋರ್ನಿಯದಲ್ಲಿ ಐದು ಲಕ್ಷ ಎಕರೆಗೂ ಮಿಕ್ಕ ನೆಲ ಸುಟ್ಟು, 16 ಮಂದಿ ಸತ್ತರು. ಇದರ ಫಲವಾಗಿ ರಿವರ್‌ಸೈಡಿನ ಅಗ್ನಿ ಪ್ರಯೋಗಶಾಲೆಯನ್ನು ಕೇಂದ್ರವಾಗಿಟ್ಟುಕೊಂಡು ‘ಫೈರ್‌ಸ್ಕೋಪ್’ ಯೋಜನೆ ರೂಪುಗೊಂಡಿತು. ಬೆಂಕಿಯ ಅಂಚನ್ನು ಅಲೆಯಂತೆ ಭಾವಿಸಿ ಗಣಕಯಂತ್ರದಲ್ಲಿ ಬೆಳೆಸುವ ಮಾರ್ಗವನ್ನು 1975ರಲ್ಲಿ ಸ್ಯಾಂಡರ್ಲಿನ್ ಮತ್ತು ಸಂಡರ್ಸನ್ ಎಂಬವರು ಹಿಡಿದರು. ಅಲೆಯ ಪ್ರತಿಯೊಂದು ಬಿಂದುವೂ ಹೊಸ ಕಿರುಅಲೆಗೆ ಮೂಲವೆಂಬುದು ಡಚ್ ವಿದ್ವಾಂಸ ಹೈಗನ್ಸನು 1690ರಲ್ಲಿ ಬೆಳಕನ್ನು ಕುರಿತು ಪ್ರಕಟಿಸಿದ ಸಿದ್ಧಾಂತ. ಅದು ಹೀಗೆ ಬೆಂಕಿಗೆ ಒದಗಿಬಂದಿತು. ಇತ್ತ 1976ರಲ್ಲಿ ಆಲ್ಬಿನಿಯವರ ರೇಖಾಪಟಗಳು, 1979ರಲ್ಲಿ ಕೈಯಲ್ಲಿ ಹಿಡಿಯುವ ಗಣಕಕ್ಕೆ ಬರ್ಗನ್‌ರ ಕಾರ್ಯಕ್ರಮ, 1984ರಿಂದ ‘ಬಿಹೇವ್’ ಎಂಬ ಗಣನ ವ್ಯವಸ್ಥೆ, ಹೀಗೆ ಸಮೀಕರಣವು ಪ್ರಯೋಗಶಾಲೆಯಿಂದ ಬೆಂಕಿಯ ದಂಡೆಗೆ ಬಂದಿತು. 1998ರಲ್ಲಿ ಮಾರ್ಕ್ ಫಿನ್ನಿಯವರು ವಿವರಿಸಿದ ‘ಫಾರ್‌ಸೈಟ್’ ಕಾರ್ಯಕ್ರಮವು ರೊಥರ್ಮೆಲರ ವೇಗವನ್ನೂ ಹೈಗನ್ಸನ ಅಲೆಯನ್ನೂ ಭೂಪಟದ ಮೇಲೆ ಒಂದುಗೂಡಿಸಿತು.

ಹೀಗಿದ್ದರೂ ಮೂಲದ ಸರಳೀಕರಣ ತನ್ನ ಬೆಲೆಯನ್ನು ಕೇಳದೆ ಬಿಡಲಿಲ್ಲ. ರಿವರ್‌ಸೈಡಿನ ಸಂಶೋಧಕರು ಚಪರಾಲಿನ ಹಸಿ ರೆಂಬೆಗಳನ್ನೇ ಹಾಸಿ ಸುಟ್ಟು ನೋಡಿದಾಗ, ಸಮೀಕರಣದ ಪ್ರಕಾರ ಬೆಂಕಿ ಹರಡಲಾರದೆಂಬ ಕೆಲವು ಪ್ರಸಂಗಗಳಲ್ಲಿಯೂ ಅದು ಹರಡಿದ್ದು 2005ರ ವೇಳೆಗೆ ಕಂಡುಬಂದಿತು. ದೊಡ್ಡ ಬೆಂಕಿ ತನ್ನ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯಲು ವಾಯುಮಂಡಲದ ಗಣನೆಯನ್ನು ಬೆಂಕಿಯ ಗಣನೆಯೊಡನೆ ಹೆಣೆಯುವ ಪ್ರಯತ್ನವನ್ನು ಕ್ಲಾರ್ಕ್ ಮೊದಲಾದವರು 1996ರಲ್ಲಿ ಪ್ರಕಟಿಸಿದ್ದರು. ಇನ್ನು 2025ರ ಜನವರಿ 7ರಂದು ಲಾಸ್ ಏಂಜಲಿಸಿನ ಬೆಟ್ಟಗಳಲ್ಲಿ ಹೊತ್ತಿದ ಪ್ಯಾಲಿಸೇಡ್ಸ್ ಮತ್ತು ಈಟನ್ ಕಿಚ್ಚುಗಳು ಪೊದೆಗಳನ್ನು ದಾಟಿ ಊರೊಳಗೆ ನುಗ್ಗಿ, ಹದಿನಾರು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ನಾಶಮಾಡಿದವು. ಕಿಡಿ ಹಾರಿ ಮನೆಯಿಂದ ಮನೆಗೆ ಹಬ್ಬುವ ಬೆಂಕಿ 1972ರ ಸಮೀಕರಣದ ವ್ಯಾಪ್ತಿಗೆ ಸೇರಿದ್ದೇ ಅಲ್ಲ.

ಇದರಿಂದ ಆ ಗಣನೆ ವ್ಯರ್ಥವೆಂದು ಯಾರೂ ತೀರ್ಮಾನಿಸಲಾಗದು. 1953ರಲ್ಲಿ ಮೆಂಡಸೀನೊದ ಕಣಿವೆಗೆ ಇಳಿದವರ ಕೈಯಲ್ಲಿ ಅಂಥದೊಂದು ಅಂದಾಜು ಕೂಡ ಇರಲಿಲ್ಲವೆಂಬುದನ್ನು ಮರೆಯಬಾರದು. ನಾವು ಹೇಳಬಯಸುವುದು ಬೇರೆ. ನಕಾಶೆಯ ಮೇಲಿನ ಗೆರೆ ಸಂಶಯಕ್ಕೆ ಎಡೆಯಿಲ್ಲದಷ್ಟು ತೆಳುವಾಗಿ, ಖಚಿತವಾಗಿ ಕಾಣುತ್ತದೆ; ಅದರ ಹಿಂದೆ ಮಿಸೂಲದ ಒಣಕಡ್ಡಿಗಳ ಹಾಸೂ ಆರು ಅಡಿಯ ಕಲ್ಪಿತ ಪೊದೆಯೂ ಅಡಗಿರುವುದು ಕಾಣುವುದಿಲ್ಲ. ಆ ಗೆರೆಯನ್ನು ನಂಬಿ ಒಂದು ತಂಡವನ್ನು ಇಳಿಜಾರಿನಲ್ಲಿ ನಿಲ್ಲಿಸುವ, ಒಂದು ಊರನ್ನು ತೆರವು ಮಾಡಿಸುವ ಇಲ್ಲವೆ ಮಾಡಿಸದೆ ಇರುವ ಅಧಿಕಾರಿಗೆ ಅದರ ವಂಶಾವಳಿ ತಿಳಿದಿರುವುದು ಪಾಂಡಿತ್ಯದ ಮಾತಲ್ಲ, ಪ್ರಾಣದ ಮಾತು. ಆಕರಗಳ ಪರೀಕ್ಷೆಯನ್ನೇ ವೃತ್ತಿಯಾಗಿ ಉಳ್ಳ ಇತಿಹಾಸಕಾರರು ಇಂಥ ದಾಖಲೆಗಳ ಕಡೆಗೂ ತಮ್ಮ ಲಕ್ಷ್ಯವನ್ನು ಹರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.