ಕಾರೋ, ಕೈಯೋ?

1982ರ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನ ಅಂಕಪಟ್ಟಿ ಒಮ್ಮೆ ನೋಡಿ. ಮೊದಲ ಸ್ಥಾನ ಜರ್ಮನಿಯ ವಾಲ್ಟರ್ ರೋರ್ಲ್, 109 ಅಂಕ. ಎರಡನೇದು ಫ್ರಾನ್ಸಿನ ಮಿಷೆಲ್ ಮೂಟಾನ್, 97. ಮೂರನೇದು ಫಿನ್ಲೆಂಡಿನ ಹನ್ನು ಮಿಕೋಲಾ, 70. ಮಧ್ಯದ ಹೆಸರು ಹೆಂಗಸಿನದು. ಇದು ಹೆಂಗಸರಿಗೆ ಅಂತ ಮಾಡಿದ ಬೇರೆ ಪಟ್ಟಿ ಅಲ್ಲ. ಎಲ್ಲರೂ ಅದೇ ರಸ್ತೇಲಿ, ಅದೇ ಗಡಿಯಾರಕ್ಕೆ ಓಡಿಸಿದ್ದು.

ರ‍್ಯಾಲಿ ಅಂದ್ರೆ ಫಾರ್ಮುಲಾ ಒನ್ ಥರ ಒಂದೇ ಟ್ರ್ಯಾಕ್ ಸುತ್ತೋದಲ್ಲ. ಕಾಡು, ಗುಡ್ಡ, ಹಿಮ, ಜಲ್ಲಿ ರಸ್ತೆಗಳಲ್ಲಿ ಒಂದೊಂದೇ ಕಾರು ಹೊರಡುತ್ತೆ. ಮುಂದಿನ ತಿರುವು ಎಷ್ಟು ಬಿಗಿ ಅಂತ ಪಕ್ಕದಲ್ಲಿ ಕೂತ ಕೋ-ಡ್ರೈವರ್ ನೋಟ್ಸ್ ಓದಿ ಹೇಳ್ತಾ ಇರ್ತಾರೆ. ಎಲ್ಲ ಹಂತಗಳ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದ ಹಾಗೆ.

ಮಿಷೆಲ್ ಹುಟ್ಟಿದ್ದು 1951ರಲ್ಲಿ, ದಕ್ಷಿಣ ಫ್ರಾನ್ಸಿನ ಗ್ರಾಸ್ ಎಂಬಲ್ಲಿ. ಸೆಂಟಿಗೆ ಹೆಸರಾದ ಊರದು. ಅಪ್ಪ ಅಮ್ಮ ಗುಲಾಬಿ, ಮಲ್ಲಿಗೆ ಬೆಳೆಯೋರು. ಅಲ್ಲಿಯ ಮಲ್ಲಿಗೆ ನಮ್ಮ ಹಿತ್ತಲಿನ ಜಾಜಿಯೇ ಅಂತ ಗೊತ್ತಾದ ಮೇಲೆ ಹಳ್ಳಿಯವನಾದ ನನಗೆ ಈಕೆ ಸ್ವಲ್ಪ ಹತ್ತಿರದವಳು ಅನ್ನಿಸಿದ್ದು ಸುಳ್ಳಲ್ಲ. ಕಾನೂನು ಓದ್ತಿದ್ದ ಹುಡುಗಿ 1973ರಲ್ಲಿ ಸ್ನೇಹಿತನೊಬ್ಬನ ಕೋ-ಡ್ರೈವರ್ ಆಗಿ ರ‍್ಯಾಲಿಗೆ ಬಂದಳು. ಅಪ್ಪನಿಗೆ ಅದು ಒಪ್ಪಿಗೆಯಾಗಲಿಲ್ಲ. ಹಾಗಂತ ಮನೇಲಿ ಕೂರು ಅನ್ನಲಿಲ್ಲ, ನೀನೇ ಓಡಿಸು ಅಂದರು. ಕಾರು ಕೊಡಿಸ್ತೀನಿ, ಒಂದು ವರ್ಷದಲ್ಲಿ ಏನಾದ್ರೂ ಮಾಡಿ ತೋರಿಸು ಅನ್ನೋದು ಷರತ್ತು. ಹಾಗೆ ಮನೆಗೆ ಬಂದದ್ದು ಆಲ್ಪೀನ್ ಎ110.

ಒಳ್ಳೆ ಫಲಿತಾಂಶ ಬರೋಕೆ ಶುರುವಾದ ಕೂಡಲೇ ಆಕೆಯ ಇಂಜಿನ್‌ನಲ್ಲಿ ಏನೋ ಮೋಸ ಇದೆ ಅಂತ ಗುಸುಗುಸು ಎದ್ದಿತು. ತಪಾಸಣೆ ಮಾಡಿದರು. ಏನೂ ಸಿಗಲಿಲ್ಲ. 1975ರ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಸೇರಿ ಎರಡು ಲೀಟರ್ ವಿಭಾಗ ಗೆದ್ದಳು.

1981ಕ್ಕೆ ಆಡಿ ಕಂಪನಿ ಆಕೆಯನ್ನ ತಂಡಕ್ಕೆ ಸೇರಿಸಿಕೊಂಡಿತು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡೋ, ಟರ್ಬೊ ಇಂಜಿನ್ನಿನ ಕ್ವಾಟ್ರೋ ಆ ವರ್ಷವೇ ವಿಶ್ವ ಚಾಂಪಿಯನ್‌ಶಿಪ್‌ಗೆ ಇಳಿದಿತ್ತು. ಅಕ್ಟೋಬರ್‌ನಲ್ಲಿ ಇಟಲಿಯ ಸ್ಯಾನ್ ರೆಮೊ ರ‍್ಯಾಲಿ ಗೆದ್ದಳು. ಪಕ್ಕದ ಸೀಟಿನಲ್ಲಿ ನೋಟ್ಸ್ ಓದಿದವಳು ಇಟಲಿಯ ಫ್ಯಾಬ್ರಿಝಿಯಾ ಪೊನ್ಸ್. ವಿಶ್ವ ಚಾಂಪಿಯನ್‌ಶಿಪ್‌ನ ರ‍್ಯಾಲಿಯೊಂದನ್ನ ಹೆಣ್ಣು ಡ್ರೈವರ್ ಗೆದ್ದದ್ದು ಅದೇ ಮೊದಲು. ಮರುವರ್ಷ ಪೋರ್ಚುಗಲ್, ಗ್ರೀಸಿನ ಅಕ್ರೋಪೊಲಿಸ್, ಬ್ರೆಜಿಲ್, ಹೀಗೆ ಮೂರು ಗೆಲುವು.

ಇದನ್ನ ಹೇಳಿದಾಗಲೆಲ್ಲ ನನಗೆ ಸಿಗೋ ಉತ್ತರ ಒಂದೇ: "ಕ್ವಾಟ್ರೋ ಇತ್ತಲ್ಲಪ್ಪಾ, ಯಾರಾದ್ರೂ ಗೆಲ್ತಿದ್ರು." ಕ್ವಾಟ್ರೋ ಅದ್ಭುತ ಕಾರು, ಒಪ್ಪೋಣ. ಎರಡೇ ಚಕ್ರಕ್ಕೆ ಶಕ್ತಿ ಹೋಗೋ ಓಪೆಲ್ ಅಸ್ಕೋನಾದಲ್ಲಿ ಚಾಂಪಿಯನ್ ಆದ ರೋರ್ಲ್ ದೊಡ್ಡ ಡ್ರೈವರ್ ಅನ್ನೋದರಲ್ಲೂ ಅನುಮಾನ ಇಲ್ಲ. ಆದರೆ ಪಟ್ಟಿಯ ಮೂರನೇ ಸಾಲು ನೋಡಿ. ಮಿಕೋಲಾ ಓಡಿಸಿದ್ದೂ ಅದೇ ತಂಡದ ಕ್ವಾಟ್ರೋ. 27 ಅಂಕ ಹಿಂದೆ. ಸಾಧಾರಣ ಡ್ರೈವರ್ ಏನಲ್ಲ, 1983ರಲ್ಲಿ ವಿಶ್ವ ಚಾಂಪಿಯನ್ ಆದವನು. ಕಾರು ಅವನಿಗೆ ಕೈಕೊಟ್ಟಿರಬಹುದು, ಈಕೆಗೂ ಕೈಕೊಟ್ಟಿತ್ತು. ನಮ್ಮೂರಲ್ಲಿ ಕೆಸರುಗದ್ದೇಲಿ ಒಬ್ಬ ಹೂತುಹಾಕಿದ ಟ್ರ್ಯಾಕ್ಟರನ್ನೇ ಇನ್ನೊಬ್ಬ ಸಲೀಸಾಗಿ ಹೊರಗೆ ತಂದರೆ "ಪಳಗಿದ ಕೈ" ಅಂತಾರೆ, ಟ್ರ್ಯಾಕ್ಟರನ್ನ ಹೊಗಳಲ್ಲ. ಆಫೀಸಿನಲ್ಲೋ, ಹುಡುಗಿಯೊಬ್ಬಳು ಕಷ್ಟದ ಬಗ್ ಫಿಕ್ಸ್ ಮಾಡಿದಾಗ "ಯಾರು ಹೆಲ್ಪ್ ಮಾಡಿದ್ರು?" ಅಂತ ಕೇಳಿದ್ದನ್ನ ನಾನೇ ಕೇಳಿಸಿಕೊಂಡಿದ್ದೀನಿ.

ಆ 1982ರ ಪಟ್ಟ ಕೈತಪ್ಪಿದ್ದು ಆಫ್ರಿಕಾದಲ್ಲಿ. ಕೊನೆಗಿಂತ ಒಂದು ಮುಂಚಿನ ರ‍್ಯಾಲಿ ಐವರಿ ಕೋಸ್ಟಿನದು, ಸುಮಾರು 5,000 ಕಿ.ಮೀ. ಹೊರಡೋಕೆ ಸ್ವಲ್ಪ ಮುಂಚೆ ಸುದ್ದಿ ಬಂತು: ಕ್ಯಾನ್ಸರ್ ಆಗಿದ್ದ ಅಪ್ಪ ತೀರಿಕೊಂಡರು. ವಾಪಸ್ ಹೋಗೋಣ ಅಂದವಳಿಗೆ, ಓಡಿಸು, ಅಪ್ಪನ ಇಷ್ಟವೂ ಅದೇ ಅಂತ ಅಮ್ಮ ಒತ್ತಾಯ ಮಾಡಿದರು. ಓಡಿಸಿದಳು. ಅಷ್ಟೇ ಅಲ್ಲ, ರೋರ್ಲ್‌ಗಿಂತ ಎಷ್ಟೋ ಮುಂದೆ ಹೋದಳು. ಆಮೇಲೆ ಗೇರ್‌ಬಾಕ್ಸ್ ಕೆಟ್ಟಿತು. ರಿಪೇರಿಯ ಹೊತ್ತಿನಲ್ಲಿ ಮುನ್ನಡೆ ಕರಗಿತು. ಕೊನೇ ದಿನ ಮಂಜಿನಲ್ಲಿ ಕಾರು ಪಲ್ಟಿಯಾಗಿ ಅಲ್ಲಿಗೆ ಮುಗಿಯಿತು. ರೋರ್ಲ್ ರ‍್ಯಾಲಿಯನ್ನೂ ಗೆದ್ದ, ಪಟ್ಟವನ್ನೂ ಗೆದ್ದ. ಒಂದು ಗೆಲುವಿಗೆ 20 ಅಂಕ, ವರ್ಷದ ಕೊನೆಗೆ ಇಬ್ಬರ ನಡುವೆ ಉಳಿದದ್ದು 12. ಪಟ್ಟ ಹೋದದ್ದಕ್ಕಿಂತ ಅಪ್ಪ ಹೋದದ್ದೇ ದೊಡ್ಡ ನೋವು ಅನ್ನೋ ಅರ್ಥದಲ್ಲಿ ಆಕೆ ಮಾತಾಡಿದ್ದಾಳೆ.

1985ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟ ಹತ್ತೋ ರೇಸು. 156 ತಿರುವು, 4,300 ಮೀಟರ್ ಎತ್ತರದ ಶಿಖರ. 11 ನಿಮಿಷ 25 ಸೆಕೆಂಡಿನಲ್ಲಿ ಹತ್ತಿ ದಾಖಲೆ ಬರೆದಳು. 1986ರಲ್ಲಿ ಪೂಜೋ ಕಾರಿನಲ್ಲಿ ಜರ್ಮನಿಯ ರಾಷ್ಟ್ರೀಯ ರ‍್ಯಾಲಿ ಪಟ್ಟ. ಕಾರು ಬದಲಾಯ್ತು, ಕೈ ಅದೇ. ಅದೇ ವರ್ಷ ಕಾರ್ಸಿಕಾದ ರ‍್ಯಾಲಿಯಲ್ಲಿ ಹೆನ್ರಿ ಟೊಯ್ವೊನೆನ್ ಮತ್ತವನ ಕೋ-ಡ್ರೈವರ್ ಕಾರಿನೊಳಗೇ ಸುಟ್ಟುಹೋದರು. ಅಂಥ ಅತಿವೇಗದ 'ಗ್ರೂಪ್ ಬಿ' ಕಾರುಗಳಿಗೆ ನಿಷೇಧ ಬಿತ್ತು. ಮಿಷೆಲ್ ಕೂಡ ರ‍್ಯಾಲಿ ಬಿಟ್ಟಳು. 1988ರಲ್ಲಿ ಟೊಯ್ವೊನೆನ್ ನೆನಪಿಗೆ 'ರೇಸ್ ಆಫ್ ಚಾಂಪಿಯನ್ಸ್' ಶುರುಮಾಡಿದವರಲ್ಲಿ ಆಕೆಯೂ ಒಬ್ಬಳು. ಮುಂದೆ ಜಾಗತಿಕ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ಹೆಂಗಸರಿಗಾಗಿ ಆಯೋಗ ಮಾಡಿದಾಗ ಅದರ ಮೊದಲ ಅಧ್ಯಕ್ಷೆಯಾದಳು.

ಮಿಷೆಲ್ ನಂತರ ವಿಶ್ವ ಚಾಂಪಿಯನ್‌ಶಿಪ್‌ನ ರ‍್ಯಾಲಿ ಗೆದ್ದ ಇನ್ನೊಬ್ಬ ಹೆಣ್ಣು ಡ್ರೈವರ್ ಇಲ್ಲ. "ನೋಡಿದ್ರಾ, ಹೆಂಗಸರ ಕೈಲಿ ಆಗಲ್ಲ" ಅನ್ನೋಕೆ ಇದನ್ನೇ ಸಾಕ್ಷಿ ಮಾಡೋರಿದ್ದಾರೆ. ನನಗೆ ಕಾಣೋದು ಬೇರೆ. ಆ ಮಟ್ಟದ ಕಾರಿನ ಸೀಟಿನವರೆಗೆ ಬರೋ ಹೆಂಗಸರೇ ಬೆರಳೆಣಿಕೆ. ಪಳಗಬೇಕಾದ್ರೆ ಮೊದಲು ಕೈಗೆ ಸ್ಟಿಯರಿಂಗ್ ಸಿಗಬೇಕು. ಗ್ರಾಸ್‌ನ ಹೂವಿನ ರೈತ ಮಗಳಿಗೆ ಕೊಡಿಸಿದ್ದು ಒಂದು ಕಾರು, ಒಂದು ವರ್ಷ. ಅಷ್ಟು ಸಿಕ್ಕಿದ್ದಕ್ಕೇ ವಿಶ್ವ ಪಟ್ಟಕ್ಕೆ 12 ಅಂಕದಷ್ಟು ಹತ್ತಿರ ಹೋಗಿ ಬಂದಳು.