ಹಳೇ ಕಂಪ್ಯೂಟರಿಗೆ ಎರಡು ವಿಡಿಯೋ ಕಾರ್ಡ್ ಹಾಕಿದರೆ ವೇಗ ಎರಡು ಪಟ್ಟಾಗುತ್ತದೆಯೇ?

"ಅಟ್ಟದ ಮೇಲಿರುವ ಹಳೇ ಕಂಪ್ಯೂಟರಿಗೆ ಇನ್ನೊಂದು ವಿಡಿಯೋ ಕಾರ್ಡ್ ಹಾಕಿ, ವೇಗ ಎರಡು ಪಟ್ಟಾಗುತ್ತದೆ" ಎಂಬ ಮಾತನ್ನು ನೀವೂ ಕೇಳಿರಬಹುದು. "ಎರಡು ಕಾರ್ಡ್ ಹಾಕಿದರೆ ಮದರ್‌ಬೋರ್ಡ್ ಸುಟ್ಟೇ ಹೋಗುತ್ತದೆ" ಎನ್ನುವವರೂ ಇದ್ದಾರೆ. ಎರಡರಲ್ಲೂ ಒಂದು ಚೂರು ನಿಜವಿದೆ, ಆದರೆ ಎರಡೂ ಪೂರ್ತಿ ನಿಜವಲ್ಲ. ದುಡ್ಡು ಖರ್ಚು ಮಾಡುವ ಮುನ್ನ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣ.

ಚಿಕ್ಕ ಉತ್ತರ: ಬೇರೆ ಬೇರೆ ಬಗೆಯ ಎರಡು ಕಾರ್ಡ್ ಹಾಕಿದರೆ ವೇಗ ಹೆಚ್ಚುವುದಿಲ್ಲ. ಆದರೆ ವಿಂಡೋಸ್ 98 ಮತ್ತು ವಿಂಡೋಸ್ ಎಕ್ಸ್‌ಪಿ ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವವರಿಗೆ, ಅಂದರೆ ಡ್ಯುಯಲ್ ಬೂಟ್ ಮಾಡುವವರಿಗೆ, ಇದರಿಂದ ಉಪಯೋಗವಿದೆ.

"ಎರಡು ಪಟ್ಟು" ಎಂಬ ಮಾತು ಎಲ್ಲಿಂದ ಬಂತು?

1998ರಲ್ಲಿ 3ಡಿಎಫ್‌ಎಕ್ಸ್ ಎಂಬ ಅಮೆರಿಕದ ಕಂಪನಿ ವೂಡೂ2 ಎಂಬ ಕಾರ್ಡ್ ತಂದಿತು. ಒಂದೇ ಬಗೆಯ ಎರಡು ವೂಡೂ2 ಕಾರ್ಡುಗಳನ್ನು ಪಟ್ಟಿಯಂಥ ಕೇಬಲ್‌ನಿಂದ ಜೋಡಿಸಿದರೆ, ಪರದೆಯ ಒಂದು ಗೆರೆಯನ್ನು ಒಂದು ಕಾರ್ಡ್, ಮುಂದಿನ ಗೆರೆಯನ್ನು ಇನ್ನೊಂದು ಕಾರ್ಡ್ ಬಿಡಿಸುತ್ತಿತ್ತು. ಇದಕ್ಕೆ ಎಸ್‌ಎಲ್‌ಐ ಎಂದು ಹೆಸರು. ಇದು ಕೆಲಸ ಮಾಡುತ್ತಿದ್ದುದು 3ಡಿ ಆಟಗಳಲ್ಲಿ ಮಾತ್ರ. ಉಳಿದ ಕೆಲಸಕ್ಕೆ ಮತ್ತೊಂದು ಸಾಮಾನ್ಯ ಕಾರ್ಡ್ ಬೇಕೇ ಬೇಕಿತ್ತು. 2004ರಲ್ಲಿ ಎನ್‌ವಿಡಿಯಾ ಅದೇ ಹೆಸರನ್ನು ಬೇರೊಂದು ತಂತ್ರಕ್ಕೆ ಬಳಸಿತು. ಎರಡೂ ಸಲ ಕಾರ್ಡುಗಳು ಜೋಡಿಗೆಂದೇ ತಯಾರಾದವು. ಕೈಗೆ ಸಿಕ್ಕ ಎರಡು ಬೇರೆ ಕಾರ್ಡುಗಳು ಹೀಗೆ ಕೆಲಸ ಹಂಚಿಕೊಳ್ಳುವುದಿಲ್ಲ.

ಹಾಗಾದರೆ ಎರಡು ಕಾರ್ಡ್ ಏಕೆ?

ಕಾರಣ ಡ್ರೈವರ್. ಕಾರ್ಡ್ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ತಂತ್ರಾಂಶವೇ ಡ್ರೈವರ್. 1999ರ ವೂಡೂ3 ಕಾರ್ಡನ್ನೇ ನೋಡಿ. ಅನ್‌ರಿಯಲ್‌ನಂಥ ಆ ಕಾಲದ ಆಟಗಳು ಬಳಸುತ್ತಿದ್ದ ಗ್ಲೈಡ್ ಎಂಬ ತಂತ್ರ ಈ ಕಂಪನಿಯದೇ ಆದ್ದರಿಂದ, ಅವು ಈ ಕಾರ್ಡಿನಲ್ಲಿ ಚೆನ್ನಾಗಿ ನಡೆಯುತ್ತವೆ. ಆದರೆ 3ಡಿಎಫ್‌ಎಕ್ಸ್ 2000ರ ಡಿಸೆಂಬರ್‌ನಲ್ಲೇ ತನ್ನ ಆಸ್ತಿಯನ್ನು ಎನ್‌ವಿಡಿಯಾಗೆ ಮಾರಲು ಒಪ್ಪಿತು. ಎಕ್ಸ್‌ಪಿ ಬಂದಿದ್ದು 2001ರ ಅಕ್ಟೋಬರ್‌ನಲ್ಲಿ.

ಇನ್ನೊಂದು ಕಡೆ, 2005ರ ಜಿಫೋರ್ಸ್ 7 ಸರಣಿಯ ಕಾರ್ಡುಗಳು ಎಕ್ಸ್‌ಪಿಗೆ ಹೇಳಿ ಮಾಡಿಸಿದಂತಿವೆ. ಆದರೆ ಅವಕ್ಕೆ ಎನ್‌ವಿಡಿಯಾ ವಿಂಡೋಸ್ 98ರ ಡ್ರೈವರ್ ಕೊಡಲಿಲ್ಲ. ಒಂದು ಕಾರ್ಡ್ ಇಬ್ಬರಿಗೂ ಹೊಂದುವುದಿಲ್ಲ. ಆದ್ದರಿಂದ ಇಬ್ಬರಿಗೂ ಒಂದೊಂದು.

ಯಾವುದು ಎಲ್ಲಿ?

ಆ ಕಾಲದ ಮದರ್‌ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಎಜಿಪಿ ಸ್ಲಾಟ್ ಮತ್ತು ಕೆಲವು ಪಿಸಿಐ ಸ್ಲಾಟ್ ಇರುತ್ತವೆ. ಪಿಸಿಐ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 133 ಮೆಗಾಬೈಟ್ ಸಾಗುತ್ತದೆ, ಅದನ್ನೂ ಎಲ್ಲ ಕಾರ್ಡುಗಳು ಹಂಚಿಕೊಳ್ಳಬೇಕು. ಹಾಗಾಗಿ ಹೊಸ ಕಾರ್ಡಿಗೆ ಎಜಿಪಿ, ಹಳೆಯದಕ್ಕೆ ಪಿಸಿಐ ಎಂದು ಇಟ್ಟುಕೊಳ್ಳಿ. ವೂಡೂ3 ಪಿಸಿಐ ಮತ್ತು ಎಜಿಪಿ ಎರಡು ರೂಪದಲ್ಲೂ ಬಂದಿದೆ. ಕೊಳ್ಳುವಾಗ ಪಿಸಿಐ ಕೇಳಿ. ಎಜಿಪಿಗೆ ಅಂಟಿಕೊಂಡಿರುವ ಮೊದಲ ಪಿಸಿಐ ಸ್ಲಾಟ್ ಖಾಲಿ ಬಿಡುವುದು ಒಳ್ಳೆಯದು. ಎಷ್ಟೋ ಬೋರ್ಡ್‌ಗಳಲ್ಲಿ ಇವೆರಡೂ ಒಂದೇ ಐಆರ್‌ಕ್ಯೂ ಹಂಚಿಕೊಂಡಿರುತ್ತವೆ. ಗಾಳಿಗೂ ಜಾಗ ಬೇಕು.

ಕಂಪ್ಯೂಟರ್ ಆನ್ ಆದಾಗ ಮೊದಲು ಯಾವ ಕಾರ್ಡ್ ಎಚ್ಚರಾಗಬೇಕು ಎಂದು ಬಯೋಸ್‌ನಲ್ಲಿ ಆರಿಸಬಹುದು. ಅನೇಕ ಬೋರ್ಡ್‌ಗಳಲ್ಲಿ ಇದರ ಹೆಸರು "ಇನಿಟ್ ಡಿಸ್‌ಪ್ಲೇ ಫಸ್ಟ್". ಅಲ್ಲಿ ಪಿಸಿಐ ಆರಿಸಿ, ಏಕೆಂದರೆ ವಿಂಡೋಸ್ 98 ಬಯೋಸ್ ತೋರಿಸಿದ ಕಾರ್ಡನ್ನೇ ಮುಖ್ಯ ಎಂದುಕೊಳ್ಳುತ್ತದೆ. ಅಲ್ಲಿ ಜಿಫೋರ್ಸ್ ಕಾರ್ಡಿನ ಮುಂದೆ ಹಳದಿ ಗುರುತು ಕಂಡರೆ ಗಾಬರಿಯಾಗಬೇಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸಿ. ಎಕ್ಸ್‌ಪಿಯಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಜಿಫೋರ್ಸ್‌ನ ಪರದೆಯನ್ನೇ ಮುಖ್ಯವೆಂದು ಗುರುತಿಸಿ.

ಮಾನಿಟರ್ ಎರಡು ಬೇಕಿಲ್ಲ. ವಿಜಿಎ ಮತ್ತು ಡಿವಿಐ ಎರಡೂ ಇರುವ ಮಾನಿಟರ್ ಇದ್ದರೆ ಒಂದೊಂದು ಕಾರ್ಡನ್ನು ಒಂದೊಂದಕ್ಕೆ ಜೋಡಿಸಿ, ಬಟನ್ ಒತ್ತಿ ಬದಲಿಸಿಕೊಳ್ಳಿ. ಬೂಟ್ ಮೆನು ಮಾತ್ರ ಮೊದಲು ಎಚ್ಚರಾಗುವ ಕಾರ್ಡಿನ ಕಡೆಗೇ ಬರುತ್ತದೆ.

ಬೋರ್ಡ್ ಸುಡುತ್ತದೆಯೇ?

ಎರಡು ಕಾರ್ಡ್ ಇರುವುದರಿಂದ ಸುಡುವುದಿಲ್ಲ. ತಪ್ಪು ವೋಲ್ಟೇಜಿನ ಎಜಿಪಿ ಕಾರ್ಡ್ ಹಾಕಿದರೆ ಸುಡಬಹುದು. ಮೊದಲ ತಲೆಮಾರಿನ ಎಜಿಪಿ ಕಾರ್ಡುಗಳು 3.3 ವೋಲ್ಟಿನವು, ನಂತರದವು 1.5 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ. ಪೆಂಟಿಯಂ 4 ಕಾಲದ ಅನೇಕ ಬೋರ್ಡ್‌ಗಳಿಗೆ 3.3 ವೋಲ್ಟ್ ಆಗದು. ತಪ್ಪು ಕಾರ್ಡ್ ಒಳಗೆ ಹೋಗದಿರಲೆಂದೇ ಅಂಚಿನಲ್ಲಿ ಕಚ್ಚು ಕೊಟ್ಟಿರುತ್ತಾರೆ. ಆದರೆ ಕಚ್ಚು ತಪ್ಪಾಗಿರುವ ಕಾರ್ಡುಗಳೂ ಮಾರುಕಟ್ಟೆಗೆ ಬಂದಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಹಳೇ ಕಾರ್ಡ್ ಕೊಳ್ಳುವ ಮುನ್ನ ಮಾದರಿ ಸಂಖ್ಯೆ ನೋಡಿ, ಬೋರ್ಡಿನ ಕೈಪಿಡಿಯ ಜೊತೆ ಹೋಲಿಸಿ. ಒತ್ತಿ ತುರುಕಬೇಡಿ.

ನಿಷ್ಕ್ರಿಯಗೊಳಿಸಿದ ಕಾರ್ಡ್ ಕೂಡ ವಿದ್ಯುತ್ ಎಳೆಯುತ್ತದೆ, ಬಿಸಿಯಾಗುತ್ತದೆ. ಆದ್ದರಿಂದ ಪವರ್ ಸಪ್ಲೈ ಗಟ್ಟಿಯಿರಲಿ. ಬೋರ್ಡಿನ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ.

ಎಲ್ಲಕ್ಕಿಂತ ಮೊದಲು ಫೋಟೋ ಉಳಿಸಿ

ಕಾರ್ಡ್ ಹೋದರೆ ಇನ್ನೊಂದು ಸಿಗುತ್ತದೆ. ಹಳೇ ಹಾರ್ಡ್ ಡಿಸ್ಕ್‌ನಲ್ಲಿರುವ ಮದುವೆ ಫೋಟೋ, ಅಜ್ಜಿಯ ಧ್ವನಿ ಮತ್ತೆ ಸಿಗುವುದಿಲ್ಲ. ಡಿಸ್ಕ್ ಭಾಗ ಮಾಡುವ ಮುನ್ನ ಎಲ್ಲವನ್ನೂ ಬೇರೆಡೆ ನಕಲು ಮಾಡಿಕೊಳ್ಳಿ. ಮೊದಲು ವಿಂಡೋಸ್ 98, ಆಮೇಲೆ ಎಕ್ಸ್‌ಪಿ ಹಾಕಿ. ಹಿಂದುಮುಂದಾದರೆ 98 ಬೂಟ್ ಮೆನುವನ್ನು ಅಳಿಸಿಹಾಕುತ್ತದೆ. ಇಬ್ಬರೂ ಓದಬೇಕಾದ ಕಡತಗಳು ಫ್ಯಾಟ್32 ಭಾಗದಲ್ಲಿರಲಿ, ಏಕೆಂದರೆ ವಿಂಡೋಸ್ 98ಕ್ಕೆ ಎನ್‌ಟಿಎಫ್‌ಎಸ್ ಓದಲು ಬರುವುದಿಲ್ಲ.

ಕೊನೆಯದಾಗಿ, ಈ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ. ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2006ರ ಜುಲೈನಲ್ಲಿ, ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ ಮುಗಿಯಿತು. ಆಟವಾಡಿ, ಇಂಟರ್ನೆಟ್ ಕೇಬಲ್ ಮಾತ್ರ ತೆಗೆದಿಡಿ.

"ವೇಗ ಡಬಲ್" ಎಂಬ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಅದರ ಕೆಳಗೆ ಇಷ್ಟು ಬರೆದರೆ ಸಾಕು: ಎರಡು ಕಾರ್ಡ್ ಇರುವುದು ವೇಗಕ್ಕಲ್ಲ, ಎರಡು ಕಾಲದ ವಿಂಡೋಸ್‌ಗೆ, ಹಾಕುವ ಮುನ್ನ ವೋಲ್ಟೇಜ್ ನೋಡಿ.