ಅತ್ತಿಯವರ ಹಾಡು ಮತ್ತ ನನ್ನ ಕೀಲಿಮಣಿ

ಮೊನ್ನೆ ಸಂಕ್ರಮಣಕ್ಕ ನಮ್ಮ ಮನ್ಯಾಗ ಎಲ್ಲಾರೂ ಕೂಡಿದ್ವಲ್ಲಾ, ಆವಾಗ ಒಂದು ಮಾತು ಬಂತು. ಮನ್ಯಾಗಿನ ಯಾವ ಯಂತ್ರ ಇಲ್ಲದಿದ್ದರ ನಿಮ್ಮ ಕೈ ಕಟ್ಟಿಹಾಕಿಧಂಗ ಆಗ್ತದ? ನೆಗೆಣ್ಣಿ ಮಿಕ್ಸರ್ ಅಂದ್ಲು. ವೈನಿ ವಾಷಿಂಗ್ ಮಷೀನ್ ಅಂದ್ರು. ಎದುರುಮನಿ ಕಾಕೂ ಕುಕ್ಕರ್ ಬಿಟ್ಟು ಬ್ಯಾರೆ ಮಾತೇ ಇಲ್ಲ ಅಂದ್ರು. ನಾ "ಮೊಬೈಲಿನ್ಯಾಗಿನ ಕನ್ನಡ ಕೀಬೋರ್ಡ್" ಅಂದೆ. ಎಲ್ಲಾರೂ ನಕ್ಕರು. "ಅದೇನ್ ಯಂತ್ರ ಏನವಾ, ಫೋನ್ ತಗೊಂಡ್ರ ಜೋಡೀನ ಬರ್ತದ" ಅಂದ್ರು ಕಾಕೂ. ಎಳ್ಳು-ಬೆಲ್ಲದ ಗಡಿಬಿಡ್ಯಾಗ ನನಗ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ. ಅದಕ್ಕ ಇವತ್ತು ಕೂತು ಬರೀಲಿಕತ್ತೇನಿ.

ನನ್ನ ಪಿಯುಸಿ ಮುಗದ ಮ್ಯಾಲೆ, ಮದವಿ ಆಗೂತನಕ ಸುಮ್ಮನ ಯಾಕ ಕೂಡ್ತಿ ಅಂತ ಅಪ್ಪ ಟೈಪಿಂಗ್ ಕ್ಲಾಸಿಗೆ ಹಚ್ಚಿದ್ರು. ಅಲ್ಲಿದ್ದ ಮಷೀನುಗಳೊಳಗ ಎರಡೇ ಕನ್ನಡದವು. ಇಂಗ್ಲಿಷಿಗೆ 26 ಅಕ್ಷರ ಆದ್ರ ಮುಗೀತು. ನಮ್ಮವು 49, ಅದರ ಮ್ಯಾಲೆ ಕಾಗುಣಿತ, ಅದರ ಕೆಳಗ ಒತ್ತು. ಇಷ್ಟನ್ನೂ ಅಷ್ಟೇ ಗುಂಡಿಯೊಳಗ ಕೂಡಿಸಬೇಕು. ಅನಂತಸುಬ್ಬರಾಯರು ಅನ್ನೂವವರು ಟೈಪ್‌ರೈಟರಿಗೆ ಕನ್ನಡದ ಕೀಲಿಮಣಿ ಜೋಡಿಸಿಕೊಟ್ಟಿದ್ರು. ಅಕ್ಷರದ ಮೈ ಒಂದು ಗುಂಡ್ಯಾಗ, ಕೊಂಬು ಒಂದು ಗುಂಡ್ಯಾಗ, ಒತ್ತು ಮತ್ತೊಂದು ಗುಂಡ್ಯಾಗ. ಒಂದು ಅಕ್ಷರಕ್ಕ ಎರಡು ಮೂರು ಸಲ ಕುಟ್ಟಬೇಕು. ಬೆರಳು ನೋಯ್ತಿದ್ದವು, ಆದ್ರ ಹಾಳಿ ಮ್ಯಾಲೆ ನನ್ನ ಹೆಸರು ಅಚ್ಚಿನಂಗ ಮೂಡಿದ್ದನ್ನ ನೋಡಿದ ಖುಷಿ ಇನ್ನೂ ಮರ್ತಿಲ್ಲ.

ಮುಂದ ಕಂಪ್ಯೂಟರ್ ಬಂತು. ಅದೂ ಹುಟ್ಟಿದ್ದು ಇಂಗ್ಲಿಷಿನ್ಯಾಗೇ. ಒಂದು ಫಾಂಟಿನ್ಯಾಗ ಹೆಚ್ಚಂದ್ರ 256 ಮನಿ. ಆ ಮನಿಗಳೊಳಗ ನಮ್ಮ ಅಕ್ಷರದ ತುಂಡುಗಳನ್ನ ಬಾಡಗಿಗೆ ಇಟ್ಟಂಗ ಇಟ್ಟಿದ್ರು. ಕಿನ್ನಿಕಂಬಳದ ಕೆ.ಪಿ. ರಾಯರು ಕನ್ನಡಕ್ಕ ಒಂದು ಸರಳ ಕೀಲಿಮಣಿ ಮಾಡಿದ್ರು. ಇಂಗ್ಲಿಷಿನ ಕೆ ಒತ್ತಿದ್ರ ಕ, ಎನ್ ಒತ್ತಿದ್ರ ನ. ಒತ್ತಕ್ಷರ ಬೇಕಾದ್ರ ನಡುವ ಎಫ್. "ಕನ್ನಡ" ಅಂತ ಬರೀಲಿಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು, ಐದೇ ಏಟು. ಅದನ್ನ ಅವರು ತಮ್ಮದು ಅಂತ ಗಂಟು ಕಟ್ಟಿ ಇಟ್ಟುಕೊಳ್ಳಲಿಲ್ಲ, ಎಲ್ಲಾರಿಗೂ ಬಿಟ್ಟುಕೊಟ್ಟರು. ಸರ್ಕಾರ ಅದನ್ನೇ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನವರ ನುಡಿಯೊಳಗ ಇರೂದೂ ಅದೇ ಜೋಡಣಿ. 1998ರಾಗ ಶೇಷಾದ್ರಿವಾಸು ಅವರ ಬರಹ ಬಂತು. ಇಂಗ್ಲಿಷ್ ಅಕ್ಷರದಾಗ ಉಚ್ಚಾರ ಬರದ್ರ ಸಾಕು, ಕನ್ನಡ ಮೂಡ್ತಿತ್ತು. ಮೊದಲ ವರ್ಷಗಳೊಳಗ ಅದೂ ಪುಕ್ಕಟೆ. ಪರದೇಶದಾಗಿದ್ದ ನಮ್ಮ ಮಂದಿ ತಾಯಿ-ತಂದಿಗೆ ಕನ್ನಡದಾಗ ಪತ್ರ ಬರದಿದ್ದು ಇಂಥಾವರ ಪುಣ್ಯದಿಂದ.

ಈಗ ನನ್ನ ಕಥಿ ಕೇಳ್ರಿ. ನಮ್ಮ ಅತ್ತಿಯವರ ಹಾಡಿನ ವಹಿ ನಿಮಗೆಲ್ಲಾ ನೆನಪಿರಬೇಕು. ಕೆಂಪು ರಟ್ಟಿಂದು. ಆರತಿ ಹಾಡು, ಜೋಗುಳ, ಬೀಸೂ ಕಲ್ಲಿನ ಹಾಡು, ಎಲ್ಲಾ ಅವರೇ ಬರದದ್ದು. 2004ರಾಗ ಅದನ್ನ ಒಂದು ಕಂಪ್ಯೂಟರ್ ಅಂಗಡ್ಯಾಗ ಕೊಟ್ಟು ಟೈಪ್ ಮಾಡಿಸಿದೆ. ಸಿಡಿ ಕೊಟ್ಟರು. ನನಗ ಭಾಳ ಹೆಮ್ಮಿ. ಮನಿಗೆ ಬಣ್ಣ ಹಚ್ಚೂ ಮುಂದ ಆ ವಹಿ ಗೆದ್ದಲು ಹತ್ತಿದ್ದು ಕಾಣಿಸ್ತು. ಕಂಪ್ಯೂಟರಿನ್ಯಾಗ ಅದ ಅಲ್ಲಾ, ಇನ್ನ ಇದ್ಯಾಕ ಅಂತ ನಾನೇ ರದ್ದಿಗೆ ಹಾಕಿದೆ. ಯಾರೂ ಹಾಕು ಅಂದಿರಲಿಲ್ಲ. ಅತ್ತಿಯವರು ನೋಡಿದ್ರು, ಒಂದು ಮಾತೂ ಆಡಲಿಲ್ಲ.

ಅವರು ಹೋದ ಎಷ್ಟೋ ವರ್ಷದ ಮ್ಯಾಲೆ, ಮೊಮ್ಮಗಳ ತೊಟ್ಟಲಿಗೆ ಹಾಕೂ ಮುಂದ ಜೋಗುಳ ಬೇಕಾತು. ಸಿಡಿ ಹಚ್ಚಿದ್ವಿ. ಪರದೆ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲಿ ಮ್ಯಾಲೆ ಚುಕ್ಕಿ, ಗೀಟು, ಟೋಪಿಗಿ. ಒಂದು ಶಬ್ದ ಕನ್ನಡ ಇಲ್ಲ. ನನ್ನ ಕಾಲಾಗಿನ ಶಕ್ತಿ ಹೋತು. ಬಾಡಗಿ ಮನಿ ಕಥಿ ಇಲ್ಲಿ ಬಂತು ನೋಡ್ರಿ. ಆ ಅಂಗಡಿಯವರ ಫಾಂಟ್ ಇದ್ದಲ್ಲಿ ಮಾತ್ರ ಅದು ಕನ್ನಡ. ಫಾಂಟ್ ಇಲ್ಲಂದ್ರ ಮನಿ ಮಾಲಕ ಬಂದು ಕೂತಂಗ, ಬರೇ ಇಂಗ್ಲಿಷ್ ಅಕ್ಷರ.

ಇದರ ಪರಿಹಾರ ಅಂದ್ರ ಯುನಿಕೋಡ್. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕ ಅದರದ್ದೇ ಒಂದು ಅಂಕಿ. ಕನ್ನಡದ ಕ ಅಂದ್ರ 3221. ಅಮೆರಿಕಾದಾಗ ತಗದ್ರೂ, ಅಣ್ಣಿಗೇರಿಯಾಗ ತಗದ್ರೂ ಅದು ಕ. 1991ರ ಮೊದಲನೇ ಆವೃತ್ತಿಯೊಳಗೇ ಕನ್ನಡಕ್ಕ ಜಾಗಾ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೋಡಿ ತುಂಗಾ ಅಂತ ನಮ್ಮ ನದಿ ಹೆಸರಿನ ಯುನಿಕೋಡ್ ಫಾಂಟೂ ಬಂತು. ಆದ್ರ ಅಚ್ಚು ಹಾಕೂ ಸಾಫ್ಟ್‌ವೇರುಗಳು ಹಳೇ ಫಾಂಟನ್ನೇ ಕೇಳ್ತಿದ್ವು, ಹಿಂಗಾಗಿ ಅಂಗಡಿಗಳೊಳಗ ಹಳೇದೇ ನಡೀತು. ನಾನೂ ಯುನಿಕೋಡ್ ಅನ್ನೂ ಹೆಸರು ಆವಾಗ ಕೇಳಿರಲಿಲ್ಲ.

ಅಳಿಯ ಆ ಫೈಲನ್ನ ಪರಿವರ್ತಕದಾಗ ಹಾಕಿ ಯುನಿಕೋಡಿಗೆ ತಿರಗಿಸಿದ. ಹಾಡುಗಳು ಎದ್ದು ಕೂತವು! ಆದ್ರ ಅರ್ಕಾವತ್ತು ಕೆಲವು ಕಡೆ ಮುಂದಿನ ಅಕ್ಷರಕ್ಕ ಹಾರಿದ್ವು, ಒತ್ತು ಬಿದ್ದುಹೋಗಿದ್ವು. ನಾ ಫೋನಿನ ಕೀಲಿಮಣಿ ಹಿಡಕೊಂಡು, ಅತ್ತಿಯವರು ಅನ್ನೂ ಧಾಟಿ ನೆನೆಸಿಕೊಂಡು, ಒಂದೊಂದೇ ಸಾಲು ಸರಿ ಮಾಡಿದೆ. ಎರಡು ತಿಂಗಳು ಹಿಡೀತು. ಬೀಸೂ ಕಲ್ಲಿನ ಹಾಡಿನ್ಯಾಗ ಒಂದು ಶಬ್ದ ಮಾತ್ರ ನನಗ ಬಿಡಸಲಿಕ್ಕೆ ಆಗಲಿಲ್ಲ. ವಹಿ ಇದ್ದಿದ್ರ ಒಂದು ಕ್ಷಣದ ಕೆಲಸ.

ಈಗ ಮಾತಾಡಿದ್ರ ಫೋನೇ ಬರಕೋತದ ಅಲ್ಲಾ ಅಂತೀರಿ. ಖರೆ, 2017ರಾಗ ಕನ್ನಡಕ್ಕ ಆ ಸೌಲಭ್ಯ ಬಂತು. ಬೆರಳು ಹಿಡಿಕೊಂಡಾಗ ನಾನೂ ಅದರಾಗ ಬರೀತೇನಿ. ಆದ್ರ ಅತ್ತಿಯವರ ಹಾಡು ಅದರ ಮುಂದ ಅಂದ್ರ, ನಮ್ಮ "ಬೀಸೂಣು" "ಹಾಡೂಣು" ಎಲ್ಲಾ ಪುಸ್ತಕದ ಕನ್ನಡ ಆಗಿಬಿಡ್ತಾವ, ಇಲ್ಲಾ ಇನ್ನೇನರೆ ಆಗ್ತಾವ. ಕೀಲಿಮಣಿ ನಾ ಒತ್ತಿದ್ದನ್ನ ಒತ್ತಿಧಂಗ ಬರೀತದ. ಅದಕ್ಕ ಅದು ನನ್ನ ಮೆಚ್ಚಿನ ಯಂತ್ರ, ಕಾಕೂ. ಮಿಕ್ಸರ್ ನನ್ನ ರಟ್ಟಿ ಉಳಿಸ್ತು, ಇದು ನಮ್ಮ ಮನಿ ಮಾತು ಉಳಿಸ್ತು.

ಒಂದು ಕೆಲಸ ಮಾಡ್ರಿ. ನಿಮ್ಮ ಕಪಾಟಿನ್ಯಾಗ ಹಳೇ ಸಿಡಿ, ಪೆನ್‌ಡ್ರೈವ್ ಇದ್ರ ಇವತ್ತೇ ತಗದು ನೋಡ್ರಿ. ಕನ್ನಡ ಕಾಣದಿದ್ರ ಹುಡುಗರ ಕಡಿಂದ ಯುನಿಕೋಡಿಗೆ ತಿರಗಿಸ್ರಿ. ತಿರಗಿಸಿದ ಮ್ಯಾಲೂ ಕೈಬರಹದ ವಹಿ ಮಾತ್ರ ರದ್ದಿಗೆ ಹಾಕಬ್ಯಾಡ್ರಿ. ಮತ್ತ ಅತ್ತಿಯವರ ಜೋಡಿ ಬೀಸೂ ಕಲ್ಲಿಗೆ ಕೂತವರು ನಿಮ್ಮೊಳಗ ಯಾರರೆ ಇದ್ರ ನನಗೊಂದು ಫೋನ್ ಮಾಡ್ರಿ. ಆ ಒಂದು ಶಬ್ದದ ಜಾಗಾ ಇನ್ನೂ ಖಾಲಿ ಬಿಟ್ಟೇನಿ.